ಅಪ್ಪ ಹೋದಾಗ ಬಾರದ ಕಣ್ಣೀರು ಈ ಪಿಯಾನೊ ಕೇಳಿದಾಗ ಯಾಕೆ?

ಪ್ರಶ್ನೆ: ನನಗೆ 48 ವರ್ಷ. ಯಾದಗಿರಿಯವನು, ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. ಈ ಬೇಸಿಗೆಯಲ್ಲಿ ಒಂದು ರಾತ್ರಿ ಕರೆಂಟು ಹೋಗಿ ಕೂಲರ್ ನಿಂತಿತು. ಆಗ ಪಕ್ಕದ ಕೋಣೆಯಿಂದ ಮಗಳ ಮೊಬೈಲಿನ ಪಿಯಾನೊ ಕೇಳಿಸಿತು. ದಿನಾ ಓದುವಾಗ ಹಾಕಿಕೊಳ್ಳುತ್ತಾಳಂತೆ, ಕೂಲರ್ ಸದ್ದಿನಲ್ಲಿ ನನಗೆ ಗೊತ್ತೇ ಆಗಿರಲಿಲ್ಲ. ಹೆಸರು ಕೇಳಿದರೆ ‘ಜಿಮ್ನೊಪೆಡಿ ನಂಬರ್ 1’ ಅಂದಳು. ತುಂಬಾ ಮೆಲ್ಲಗೆ ಹೋಗುವ ಬಾಜಾ. ಒಂದು ನಿಮಿಷ ಆಗುವಷ್ಟರಲ್ಲಿ ಮೈ ಜುಮ್ಮೆಂದಿತು, ಕಣ್ಣಲ್ಲಿ ನೀರು. ಆಮೇಲೆ ಎಷ್ಟು ಸಲ ಕೇಳಿದರೂ ಹಾಗೇ. ಮುಗಿದ ಹತ್ತು ನಿಮಿಷಕ್ಕೆ ಮೊದಲಿನಂತೆ ಆಗುತ್ತೇನೆ. ಊಟ, ನಿದ್ದೆ, ಕೆಲಸ ಎಲ್ಲ ಸರಿಯಾಗಿದೆ.

ಅಪ್ಪ ಹೋಗಿ ಒಂದೂವರೆ ವರ್ಷ. ಊರಿನ ಭಜನಾ ಮಂಡಳಿಯಲ್ಲಿ ಪೇಟಿ (ಹಾರ್ಮೋನಿಯಂ) ಬಾರಿಸುತ್ತಿದ್ದರು. ಮಣ್ಣು ಮಾಡುವಾಗಲೂ ನನಗೆ ಅಳು ಬರಲಿಲ್ಲ.

ಹೆಂಡತಿ “ಏನಾಗ್ಯಾದ್ರಿ ನಿಮಗ, ಡಾಕ್ಟರಿಗಿ ತೋರಸ್ರಿ” ಅನ್ನುತ್ತಾಳೆ. ಅವ್ವ “ದೀಪ ಹಚ್ಚೋ ಹೊತ್ತಿನ್ಯಾಗ ಇಂಥ ಅಳೋ ಬಾಜಾ ಬ್ಯಾಡ” ಅನ್ನುತ್ತಾಳೆ. ಬ್ಯಾಂಕಿನ ಗೆಳೆಯನಿಗೆ ಕೇಳಿಸಿದರೆ ನಿದ್ದೆ ಬಂತಂತೆ. ಮಗಳಿಗೆ ಕೇಳಿದರೆ ಮನಸ್ಸು ತಣ್ಣಗಾಗುತ್ತದಂತೆ. ಇಂಥದ್ದು ಕೇಳ್ತಾ ಇದ್ದರೆ ಡಿಪ್ರೆಶನ್ ಬರುತ್ತೆ ಅಂತ ಒಬ್ಬರು, ಮಕ್ಕಳ ಬುದ್ಧಿ ಚುರುಕಾಗುತ್ತೆ ಅಂತ ಇನ್ನೊಬ್ಬರು. ನನ್ನದು ಕಾಯಿಲೆಯಾ? ಕೇಳುವುದು ಬಿಡಬೇಕಾ? ಮಗಳಿಗೂ ಬಿಡಿಸಬೇಕಾ?

ಉತ್ತರ: ಮೊದಲು ಮನೆಯವರಿಗೆ ಹೇಳಿಬಿಡಿ, ಡಾಕ್ಟರಿಗೆ ತೋರಿಸಿದ್ದಾಯ್ತು ಅಂತ. ಕಲಬುರಗಿಯಲ್ಲಿ ಇಪ್ಪತ್ತು ವರ್ಷದಿಂದ ಮನೋವೈದ್ಯನಾಗಿದ್ದೇನೆ. ಬರೀ ಪತ್ರ ಓದಿ ರೋಗ ಹೇಳುವ ಅಭ್ಯಾಸ ನನಗಿಲ್ಲ. ಆದರೆ ನೀವು ಬರೆದಿರುವುದರಲ್ಲಿ ಕಾಯಿಲೆಯ ಗುರುತು ನನಗೆ ಕಾಣಲಿಲ್ಲ. ಯಾವಾಗ ಕಾಣುತ್ತಿತ್ತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಪತ್ರ ಇಲ್ಲಿ ಅಚ್ಚಾಗಿರುವುದಕ್ಕಿಂತ ಉದ್ದವಿತ್ತು. ಎರಡು ಪುಟ ಪೂರ್ತಿ ಪಿಯಾನೊ, ನಡುವೆ ಅಪ್ಪನ ಬಗ್ಗೆ ಮೂರೇ ಸಾಲು. ಓದಿ ಮುಗಿಸಿದಾಗ ನಿಮ್ಮ ನಿಜವಾದ ಚಿಂತೆ ಆ ಮೂರು ಸಾಲಿನಲ್ಲಿದೆ ಅನ್ನಿಸಿತು. ‘ಯಾರೋ ಪರದೇಶದವನ ಬಾಜಾಕ್ಕೆ ಅಳುವವನು ಹೆತ್ತ ಅಪ್ಪನಿಗೆ ಅಳಲಿಲ್ಲವಲ್ಲ, ನಾನೆಂಥ ಮಗ?’ ಹೀಗೆ ಕೇಳಲು ನಿಮಗೆ ನಾಚಿಕೆಯಾಗಿರಬೇಕು. ಅದಕ್ಕೇ ಡಿಪ್ರೆಶನ್ ಅಂತ ಕೇಳಿದ್ದೀರಿ. ತಪ್ಪಾಗಿದ್ದರೆ ಬಿಟ್ಟುಬಿಡಿ. ಸರಿಯಿದ್ದರೆ ಮುಂದೆ ಓದಿ. ಆದರೆ ಅಪ್ಪನ ವಿಷಯಕ್ಕೆ ಬರುವ ಮೊದಲು ಬಾಜಾದ ವಿಷಯ ಮುಗಿಸೋಣ.

ಇದನ್ನು ಬರೆದವನು ಫ್ರಾನ್ಸಿನ ಎರಿಕ್ ಸಾಟಿ, 1888ರಲ್ಲಿ. ಅವನು ಹುಟ್ಟಿದ್ದು 1866ರಲ್ಲಿ. ಅಂದರೆ ಆಗಿನ್ನೂ ಹುಡುಗ. ಪ್ಯಾರಿಸ್ಸಿನಲ್ಲಿ ಜನ ಕುಡಿಯುತ್ತಾ ಹರಟುವ ಕ್ಯಾಬರೆಗಳಲ್ಲಿ ಪಿಯಾನೊ ಬಾರಿಸಿ ಹೊಟ್ಟೆ ಹೊರೆದವನು. ಈ ಬಾಜಾದ ಸ್ವರಲಿಪಿಯ ತಲೆಯ ಮೇಲೆ ‘ನಿಧಾನವಾಗಿ, ನೋವಿನಿಂದ’ ಅಂತ ಸೂಚನೆ ಬರೆದಿಟ್ಟಿದ್ದಾನೆ. ಮಜಾ ಅಂದರೆ, ಸ್ವರಗಳು ಮಾತ್ರ ನೋವಿನವಲ್ಲ. ಪಶ್ಚಿಮದವರು ನಗುವಿನ ಕಡೆಗೆ ಸೇರಿಸುವ ಮೇಜರ್ ಸ್ವರಗಳು. ನಮ್ಮ ಲೆಕ್ಕದಲ್ಲಿ ಹೇಳಿದರೆ ಬಿಲಾವಲ್ ಥಾಟು, ಶುರುವಿನಲ್ಲಿ ಎಲ್ಲ ಶುದ್ಧ ಸ್ವರ.

ಮನೆಯಲ್ಲಿ ಪೇಟಿ ಕೇಳಿ ಬೆಳೆದವರಿಗೆ ಇದನ್ನು ಹೇಳುವುದು ಸುಲಭ. ಎಡಗೈ ಕೆಳಗಿನ ಮ ಒತ್ತುತ್ತದೆ. ಹಿಂದೆಯೇ ಮೇಲೆ ಧ, ಸ, ಗ ಮೂರೂ ಒಟ್ಟಿಗೆ. ಆಮೇಲೆ ಕೆಳಗಿನ ಸ, ಅದರ ಮೇಲೆ ಪ, ನಿ, ಗ. ಮತ್ತೆ ಮ, ಮತ್ತೆ ಸ. ತೊಟ್ಟಿಲು ಆ ಕಡೆ ಈ ಕಡೆ ತೂಗಿದ ಹಾಗೆ. ಮೂರು ಮಾತ್ರೆಯ ಎಣಿಕೆ. ಮೊದಲ ಮಾತ್ರೆಗೆ ಕೆಳಗಿನ ಸ್ವರ, ಎರಡನೆಯದಕ್ಕೆ ಮೇಲಿನವು, ಮೂರನೆಯದು ಬರೀ ಗುಂಗು. ಹೀಗೆ ನಾಲ್ಕು ಸಲ ತೂಗಿದ ಮೇಲೆ ಬಲಗೈ ಬರುತ್ತದೆ: ಗ ಪ, ಮ ಗ ನಿ, ಧ ನಿ ಸ, ಪ. ಅಲ್ಲಿಂದ ಇಳಿದು ಕೆಳಗಿನ ಗ ಮೇಲೆ ಸುಮ್ನೆ ಕೂತುಬಿಡುತ್ತದೆ.

ನಡುವೆ ಸ ಬಂತು, ಗಮನಿಸಿದಿರಾ? ಬಂತು, ಆದರೆ ನಿಲ್ಲಲಿಲ್ಲ. ಭಜನೆಯಲ್ಲಿ ಹಾಡು ಎಲ್ಲಿ ಸುತ್ತಿದರೂ ತಿರುಗಿ ಸ ಹತ್ತಿರ ಬಂದು ನಿಂತೇ ನಿಲ್ಲುತ್ತದೆ. ಕಿವಿ ಅದಕ್ಕಾಗಿ ಕಾಯುತ್ತದೆ. ಇಲ್ಲಿ ಆ ಜಾಗ ಮುಟ್ಟಿ ದಾಟಿ ಹೋಗುತ್ತಾನೆ. ಎಡಗೈ ಸ ಒತ್ತಿದಾಗಲೂ ಅದರ ಪಕ್ಕದ ನಿ ಜೊತೆಯಲ್ಲಿ ಗುನುಗುತ್ತಲೇ ಇರುತ್ತದೆ. ಮನೆ ಬಾಗಿಲವರೆಗೆ ಬಂದು ಒಳಗೆ ಬಾರದ ನೆಂಟನ ಥರ. ಇಡೀ ಬಾಜಾ ಎರಡು ಸುತ್ತು. ಎರಡನೇ ಸುತ್ತಿನ ಕಡೆಗೆ ಅಷ್ಟು ಹೊತ್ತು ಕೇಳಿದ ಶುದ್ಧ ಗಾಂಧಾರ, ಅಂದರೆ ಗ, ಹೋಗಿ ಅದಕ್ಕಿಂತ ಅರ್ಧ ಮೆಟ್ಟಿಲು ಇಳಿದ ಕೋಮಲ ಗಾಂಧಾರ ಬರುತ್ತದೆ. ಮುಂದಿನ ಸಲ ಆ ಕೊನೆಯ ಕೆಲವು ಕ್ಷಣ ಗಮನವಿಟ್ಟು ಕೇಳಿ. ಬೆಳಕು ಸ್ವಲ್ಪ ಇಳಿದಂತೆ ಆಗುತ್ತದೆ.

ಇನ್ನೊಂದು ಕಾರಣ ಪಿಯಾನೊ ಅನ್ನುವ ಯಂತ್ರದಲ್ಲೇ ಇದೆ. ಪೇಟಿಯಲ್ಲಿ ತಿದಿ ಒತ್ತುವ ತನಕ ಸ್ವರ ನಿಲ್ಲುತ್ತದೆ. ಸಾರಂಗಿಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಪಿಯಾನೊದಲ್ಲಿ ಉಣ್ಣೆಯ ಮೆತ್ತೆ ಹಾಕಿದ ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಬಡಿದ ಗಳಿಗೆಯಿಂದಲೇ ಸದ್ದು ಕರಗಲು ಶುರು. ಬೇಗ ಬೇಗ ಬಾರಿಸಿದರೆ ಅದು ಗೊತ್ತಾಗುವುದಿಲ್ಲ. ಹೀಗೆ ಸಾವಕಾಶ ಬಾರಿಸಿದರೆ ಒಂದೊಂದು ಸ್ವರವೂ ಸಾಯುವುದು ಕಿವಿಗೆ ಬೀಳುತ್ತದೆ. ಜೊತೆಗೆ ದನಿ ಸಣ್ಣದು, ಏರಿಳಿತ ಕಡಿಮೆ, ನಡುನಡುವೆ ತಡೆ. ದುಃಖದಲ್ಲಿರುವವರ ಮಾತು ಹಾಗೇ ಇರುತ್ತದೆ, ಅಲ್ವಾ? ಮೆದುಳಿಗೆ ಮನುಷ್ಯರ ದನಿ ಗುರುತಿಸುವ ರೂಢಿ ಎಷ್ಟು ಗಟ್ಟಿ ಅಂದರೆ, ತಂತಿಯ ಸದ್ದಿನಲ್ಲೂ ಅದನ್ನೇ ಕೇಳಿಸಿಕೊಳ್ಳುತ್ತದೆ.

ಹಾಗಿದ್ದರೆ ಎಲ್ಲರಿಗೂ ಅಳು ಬರಬೇಕಿತ್ತಲ್ಲ? ಬರುವುದಿಲ್ಲ. ಕೆಲವು ವರ್ಷದ ಹಿಂದೆ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ಇದೇ ಬಾಜಾ ಹೆಸರು ಹೇಳದೆ ಕೇಳಿಸಿದ್ದೆ. ಮನಸ್ಸಿಗೆ ಬಂದದ್ದನ್ನು ಒಂದು ಸಾಲು ಬರೆದುಕೊಡಿ ಅಂದೆ. ಚೀಟಿಗಳು ಈಗಲೂ ನನ್ನ ಹತ್ತಿರ ಇವೆ. ‘ಹಾಸ್ಟೆಲಿನ ಮೊದಲ ರಾತ್ರಿ.’ ‘ಮಳೆ ನಿಂತ ಮೇಲೆ ತಗಡಿನಿಂದ ಹನಿ ಬೀಳುವುದು.’ ‘ದೊಡ್ಡ ಹೋಟೆಲಿನ ಲಿಫ್ಟ್.’ ‘ನಮ್ಮಜ್ಜಿ ಬೀಸುವ ಕಲ್ಲು.’ ‘ಶಾಂತಿ.’ ‘ಏನೂ ಇಲ್ಲ ಸರ್, ಹಸಿವಾಗಿದೆ.’ ಸೇಡಂ ಕಡೆಯ ಒಬ್ಬ ಹುಡುಗಿ ಏನೂ ಬರೆಯದೆ ಮುಖ ಮುಚ್ಚಿಕೊಂಡು ಹೊರಗೆ ಹೋದಳು. ಇಷ್ಟೂ ಒಂದೇ ಬಾಜಾಕ್ಕೆ.

ಲಿಫ್ಟ್ ಅಂದವನನ್ನು ಉಳಿದವರು ನಕ್ಕರು. ಅವನು ಹೇಳಿದ್ದೇನೂ ದಡ್ಡತನವಲ್ಲ. ಇದೇ ಸಾಟಿ ಮುಂದೆ ‘ಪೀಠೋಪಕರಣ ಸಂಗೀತ’ ಅಂತ ಒಂದು ವಿಚಾರ ಮಾಡಿದ. ಕುರ್ಚಿ ಮೇಜಿನಂತೆ ಸುಮ್ನೆ ಕೋಣೆಯಲ್ಲಿ ಇರಬೇಕಾದ, ಯಾರೂ ಕಿವಿಗೊಡಬಾರದ ಸಂಗೀತ. 1920ರಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ನುಡಿಸಿದಾಗ ಜನ ಮಾತು ನಿಲ್ಲಿಸಿ ಕೇಳುತ್ತಾ ಕೂತರಂತೆ. ಇವನು ಓಡಾಡುತ್ತಾ ಮಾತಾಡಿ, ಮಾತಾಡಿ ಅಂತ ಗೋಗರೆದನಂತೆ!

ನಿಮ್ಮ ಗೆಳೆಯನಿಗೆ ನಿದ್ದೆ, ಮಗಳಿಗೆ ತಂಪು, ನಿಮಗೆ ಕಣ್ಣೀರು. ಮೂರೂ ಸರಿ. ಕೆಲವರಿಗಂತೂ ಕಿವಿ ಚೆನ್ನಾಗಿದ್ದು, ಉಳಿದೆಲ್ಲದರಲ್ಲಿ ಖುಷಿಯಿದ್ದೂ ಯಾವ ಸಂಗೀತದಿಂದಲೂ ಏನೂ ಆಗುವುದಿಲ್ಲ. 2014ರಲ್ಲಿ ಸ್ಪೇನಿನ ಸಂಶೋಧಕರು ಅಂಥವರನ್ನು ಪರೀಕ್ಷಿಸಿ ಬರೆದಿದ್ದಾರೆ. ಅದೂ ರೋಗವಲ್ಲ.

ಮೈ ಜುಮ್ಮೆನ್ನುವುದಕ್ಕೆ ಹೆದರಬೇಡಿ. ಕೆನಡಾದ ಮಾಂಟ್ರಿಯಲ್‌ನಲ್ಲಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಸಂಗೀತ ಕೇಳಿ ರೋಮಾಂಚನವಾಗುವವರನ್ನು ಆರಿಸಿ, ಅವರವರ ಇಷ್ಟದ ಸಂಗೀತ ಕೇಳಿಸುತ್ತಾ ಮೆದುಳಿನ ಸ್ಕ್ಯಾನ್ ಮಾಡಿದರು. ಆ ಗಳಿಗೆ ಬರುವ ಮೊದಲು, ಕಾಯುವಾಗಲೇ ಡೋಪಮಿನ್ ಅನ್ನುವ ಮೆದುಳಿನ ರಾಸಾಯನಿಕ ಒಂದು ಭಾಗದಲ್ಲಿ ಹೊಮ್ಮುತ್ತಿತ್ತು. ಬಂದಾಗ ಇನ್ನೊಂದು ಭಾಗದಲ್ಲಿ. ರುಚಿಯಾದ ಊಟಕ್ಕೆ ಕೆಲಸ ಮಾಡುವ ಅದೇ ಏರ್ಪಾಡು. ನಮ್ಮ ಭರತಮುನಿ ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ವಿಕ ಭಾವಗಳನ್ನು ಎಣಿಸುವಾಗ ರೋಮಾಂಚ, ಕಣ್ಣೀರು ಎರಡನ್ನೂ ಸೇರಿಸಿದ್ದಾನೆ. ಬೇಕೆಂದು ತಂದುಕೊಂಡರೆ ಬಾರದ, ಮನಸ್ಸು ತುಂಬಿದಾಗ ಮೈಯೇ ತೋರಿಸುವ ಗುರುತುಗಳು ಅವು. ನನ್ನ ಹತ್ತಿರ ಬರುವವರಿಗೆ ಸ್ಕ್ಯಾನಿಗಿಂತ ಇದನ್ನೇ ಜಾಸ್ತಿ ಹೇಳುತ್ತೇನೆ, ಬೇಗ ತಿಳಿಯುತ್ತದೆ.

ಈಗ ನಿಮಗೆ ಅವರಿವರು ಹೇಳಿದ ಮಾತು. ದುಃಖದ ಬಾಜಾ ಕೇಳಿದರೆ ಡಿಪ್ರೆಶನ್ ಬರುತ್ತೆ ಅನ್ನುವುದು ಸುಳ್ಳು. ಹಾಗಿದ್ದರೆ ಶೋಕದ ಪದ ಹಾಡುವ ಮೊಹರಂ ಬಂದಾಗಲೆಲ್ಲ ನಮ್ಮ ಜಿಲ್ಲೆಗಳ ಅರ್ಧ ಹಳ್ಳಿ ಆಸ್ಪತ್ರೆಯಲ್ಲಿರಬೇಕಿತ್ತು. ಆದರೆ ಇದರೊಳಗೆ ಒಂದು ಕಾಳು ಸತ್ಯವಿದೆ. ಮೊದಲೇ ಮನಸ್ಸು ಕುಸಿದವರು, ಒಂದೇ ಕೊರಗನ್ನು ಹಗಲೂ ರಾತ್ರಿ ಮೆಲುಕು ಹಾಕುವವರು ಇಂಥದ್ದನ್ನು ಗಂಟೆಗಟ್ಟಲೆ ಕೇಳಿದರೆ ಇನ್ನೂ ಕೆಳಗೆ ಹೋಗುವುದುಂಟು. ಕೇಳಿದ ಮೇಲೆ ಹಗುರ ಅನ್ನಿಸುತ್ತದೋ, ಇನ್ನೂ ಭಾರ ಅನ್ನಿಸುತ್ತದೋ ಅಂತ ನೋಡಿಕೊಳ್ಳಿ. ಅಷ್ಟು ಸಾಕು.

ಬುದ್ಧಿ ಚುರುಕಾಗುವ ಕಥೆ 1993ರದ್ದು. ಅಮೆರಿಕದಲ್ಲಿ 36 ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟ್ ಕೇಳಿಸಿ, ಕಾಗದ ಮಡಚಿ ಕತ್ತರಿಸಿದರೆ ಹೇಗೆ ಕಾಣುತ್ತದೆ ಅನ್ನುವಂಥ ಲೆಕ್ಕ ಕೊಟ್ಟರು. ಸ್ವಲ್ಪ ಚೆನ್ನಾಗಿ ಮಾಡಿದರು. ಆ ಗುಣ ಉಳಿದದ್ದು 10-15 ನಿಮಿಷ. ಅಲ್ಲಿ ಮಕ್ಕಳೂ ಇರಲಿಲ್ಲ, ಪರೀಕ್ಷೆಯ ಅಂಕಗಳೂ ಇರಲಿಲ್ಲ. ಮನಸ್ಸು ಉಲ್ಲಾಸವಾಗಿದ್ದರೆ ಯಾರಾದರೂ ಸ್ವಲ್ಪ ಹೊತ್ತು ಚುರುಕಾಗುತ್ತಾರೆ ಅಂತ ಆಮೇಲಿನ ಅಧ್ಯಯನಗಳು ತೋರಿಸಿದವು. ಈ ರಾಗಕ್ಕೆ ಬಿಪಿ, ಆ ರಾಗಕ್ಕೆ ಶುಗರ್ ಇಳಿಯುತ್ತೆ ಅನ್ನುವ ವಾಟ್ಸಾಪ್ ಪಟ್ಟಿಯನ್ನು ನಂಬಿ ದಯವಿಟ್ಟು ಮಾತ್ರೆ ಬಿಡಬೇಡಿ. ಬಿಟ್ಟವರನ್ನು ಕಂಡಿದ್ದೇನೆ.

ಮಗಳು ಕೇಳಲಿ. ಓದುವಾಗ ಮಾತಿರುವ ಹಾಡಿಗಿಂತ ಮಾತಿಲ್ಲದ ಮೆತ್ತನೆ ಬಾಜಾ ಕಡಿಮೆ ತೊಂದರೆ ಕೊಡುತ್ತದೆ. ಇಯರ್‌ಫೋನ್ ಹಾಕಿಕೊಂಡು ಕೂಲರ್ ಸದ್ದಿನ ಮೇಲೆ ವಾಲ್ಯೂಮ್ ಏರಿಸುತ್ತಿದ್ದರೆ ಅದನ್ನು ಮಾತ್ರ ತಡೆಯಿರಿ. ಮೆಲ್ಲಗಿನ ಬಾಜಾ ಜೋರು ಮಾಡಿಟ್ಟು, ನಡುವೆ ಸಿಮೆಂಟಿನ ಜಾಹೀರಾತು ಬಂದರೆ ಕಿವಿಯ ಗತಿ ಏನು?

ಇನ್ನು ಅಪ್ಪನ ವಿಷಯ.

ನಮ್ಮ ಕಡೆ ಹಿರಿಯ ಮಗನಿಗೆ ಅಳಲು ಪುರುಸೊತ್ತು ಎಲ್ಲಿದೆ? ಟೆಂಟಿನವನಿಗೆ ಫೋನು ಮಾಡಬೇಕು. ದೂರದ ಊರಿನಿಂದ ತಮ್ಮ ಬರುವ ತನಕ ಐಸ್ ಪೆಟ್ಟಿಗೆ ತರಿಸಬೇಕು. ಕುಣಿ ತೋಡುವವರಿಗೆ ಹೇಳಬೇಕು, ಬಂದವರಿಗೆ ಚಹಾ. ಆಮೇಲೆ ದಿನಕರ್ಮ, ಮರಣ ಪ್ರಮಾಣಪತ್ರ, ಹೊಲದ ಪಹಣಿ. ಅವ್ವನ ಮುಂದೆ ಗಟ್ಟಿಯಾಗಿರಬೇಕು ಅನ್ನುವುದೊಂದು ಬೇರೆ. ಎಲ್ಲ ಮುಗಿಸಿ ಕೂಡುವಷ್ಟರಲ್ಲಿ ಅಳುವ ಹೊತ್ತು ಮೀರಿರುತ್ತದೆ. ಮಣ್ಣಿನ ದಿನ ಅಳದವರು ವರ್ಷದ ಮೇಲೆ ಏನೋ ಸಣ್ಣದಕ್ಕೆ ಬಿಕ್ಕಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಬ್ಬರಿಗೆ ತಂದೆಯ ಚಪ್ಪಲಿ ಹೊಲಿಯುತ್ತಿದ್ದವನು ಸಿಕ್ಕು “ಅಪ್ಪಾರು ಬರಲಿಲ್ಲೇನ್ರಿ?” ಅಂತ ಕೇಳಿದ್ದು ಸಾಕಾಯಿತು. ದುಃಖ ತಡವಾಗಿ ಬಂದರೆ ಪ್ರೀತಿ ಕಡಿಮೆ ಇತ್ತು ಅಂತ ಅರ್ಥವಲ್ಲ. ಈ ಲೆಕ್ಕ ಹಾಕುವುದನ್ನು ಮೊದಲು ಬಿಡಿ.

ಈ ಬಾಜಾನೇ ಯಾಕೆ ಅಂತ ಕೇಳುತ್ತೀರಿ. ಮೊಹರಂ ರಿವಾಯತ್ ಪದ ನೆನೆಸಿಕೊಳ್ಳಿ. ಹಸನ್ ಹುಸೇನರ ಸಾವನ್ನು ಕನ್ನಡದಲ್ಲಿ ಹಾಡುತ್ತಾರೆ. ಹಿಂದೂ ಮುಸಲ್ಮಾನರು ಕೂಡಿಯೇ ಹಾಡುತ್ತಾರೆ, ಕೂಡಿಯೇ ಕಣ್ಣೊರೆಸಿಕೊಳ್ಳುತ್ತಾರೆ. ಅಲ್ಲಿ ದುಃಖಕ್ಕೆ ಒಂದು ಕಥೆ ಇದೆ, ತಿಥಿ ಇದೆ, ಸುತ್ತ ಜನ ಇದ್ದಾರೆ. ಅತ್ತವರನ್ನು ಯಾರೂ ಏನಾಯ್ತು ಅಂತ ಕೇಳುವುದಿಲ್ಲ. ತತ್ವಪದದ ಭಜನೆಯಲ್ಲಿ ಮಾತಿದೆ, ಸಾವಿನ ಬಗ್ಗೆಯೇ ಮಾತಿದೆ. ಜೊತೆಗೆ ಅದು ನಿಮ್ಮ ಅಪ್ಪನ ಜಾಗ, ಅಲ್ಲಿ ನೀವು ಎಚ್ಚರವಾಗಿರುತ್ತೀರಿ. ಈ ಪಿಯಾನೊದಲ್ಲಿ ಮಾತಿಲ್ಲ, ಪರಿಚಯದ ಮುಖವಿಲ್ಲ, ಎದೆ ಗಟ್ಟಿ ಮಾಡಿಕೊಳ್ಳಲು ಮುನ್ಸೂಚನೆಯೂ ಇರಲಿಲ್ಲ. ಕರೆಂಟು ಹೋಯಿತು, ದಿನವಿಡೀ ಗುಂಯ್‌ಗುಟ್ಟುವ ಕೂಲರ್ ನಿಂತಿತು, ಕತ್ತಲು. ನಿಮ್ಮನ್ನು ಯಾರೂ ನೋಡುತ್ತಿರಲಿಲ್ಲ. ಬಹುಶಃ ಎಷ್ಟೋ ತಿಂಗಳಲ್ಲಿ ಮೊದಲ ಸಲ ಏನೂ ಮಾಡುವ ಕೆಲಸವಿಲ್ಲದೆ ಕೂತಿದ್ದಿರಿ. ಆಮೇಲಿನ ಸಲಗಳದ್ದು ಬೇರೆ. ಆ ರಾತ್ರಿಯೇ ಬಾಜಾಕ್ಕೆ ಅಂಟಿಕೊಂಡಿದೆ. ಮೊದಲ ಮೂರು ಸ್ವರ ಬಿದ್ದರೆ ಸಾಕು, ರಾತ್ರಿ ಪೂರ್ತಿ ಎದ್ದು ಬರುತ್ತದೆ.

ಮುಂದೇನು? ಬೇಕಾದಾಗ ಕೇಳಿ, ಅಳು ಬಂದರೆ ಅಳಿ. ಇದೇ ನನ್ನ ಮೊದಲ ಸಲಹೆ. ಇದರಲ್ಲೂ ಒಂದು ಅಪಾಯವಿದೆ: ದಿನಾ ರಾತ್ರಿ ಅದನ್ನೇ ನೇಮ ಮಾಡಿಕೊಂಡು, ಜನರಿಂದ ತಪ್ಪಿಸಿಕೊಂಡು ಒಬ್ಬರೇ ಕೂಡುವ ಚಟ ಆಗಬಾರದು. ಹಾಗೆ ಆಗುತ್ತಿದೆ ಅನ್ನಿಸಿದರೆ ಎರಡು ಮೂರು ವಾರ ಬಿಟ್ಟು ನೋಡಿ, ಬಾಜಾ ಎಲ್ಲೂ ಓಡಿಹೋಗುವುದಿಲ್ಲ. ಪೂರ್ತಿ ಬಿಟ್ಟರೆ ಹೇಗೆ ಅಂತ ಕೇಳಿದ್ದೀರಿ. ಬಿಡಬಹುದು. ಆದರೆ ಬಾಗಿಲು ಹಾಕಿಕೊಂಡದ್ದು ಇನ್ನೊಂದು ದಿನ ಇನ್ನೊಂದು ಕಿಟಕಿಯಿಂದ ಬರುತ್ತದೆ, ಬ್ಯಾಂಕಿನ ಕೌಂಟರಿನಲ್ಲೂ ಬರಬಹುದು.

ಇದಕ್ಕಿಂತ ಕಷ್ಟದ್ದು ಮನೆಯವರಿಗೆ ನಿಜ ಹೇಳುವುದು. “ಏನಾಗ್ಯಾದ್ರಿ” ಅಂದಾಗ “ಏನಿಲ್ಲ” ಅನ್ನಬೇಡಿ, “ಅಪ್ಪ ನೆನಪಾಗ್ತಾನ” ಅನ್ನಿ. ಆಗ ಅವರೂ ಅತ್ತರೆ ಗಾಬರಿಯಾಗಬೇಡಿ. ಮಾವನನ್ನು ಕಳೆದುಕೊಂಡವರು ಅವರು, ಅವರಿಗೂ ಯಾರೂ ಕೇಳಿರುವುದಿಲ್ಲ.

ಯಾವಾಗ ನನ್ನಂಥವರ ಹತ್ತಿರ ಬರಬೇಕು? ಎರಡು ವಾರಕ್ಕಿಂತ ಜಾಸ್ತಿ ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಜೊತೆಗೆ ಊಟ ನಿದ್ದೆ ಕೆಟ್ಟಿದ್ದರೆ. ಸಾವಾಗಿ ವರ್ಷ ದಾಟಿದ ಮೇಲೂ ದಿನಾ ಅದೇ ಹಂಬಲದಲ್ಲಿ ಬದುಕು ನಿಂತುಹೋಗಿದ್ದರೆ. ಅದಕ್ಕೆ ಈಗ ದೀರ್ಘಶೋಕ ಅಂತ ಬೇರೆಯೇ ಗುರುತು ಇದೆ, ಚಿಕಿತ್ಸೆಯೂ ಇದೆ. ಬದುಕಿರುವುದೇ ಬೇಡ ಅನ್ನುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. 14416ಕ್ಕೆ ಫೋನು ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲೂ ತೋರಿಸಬಹುದು. ಇನ್ನೊಂದು, ಇದು ನಿಮಗಲ್ಲ, ಓದುವ ಬೇರೆಯವರಿಗೆ: ಮನಸ್ಸಿನಲ್ಲಿ ದುಃಖವೇ ಇಲ್ಲದೆ ಸುಮ್ಮಸುಮ್ಮನೆ ಅಳು ಅಥವಾ ನಗು ಉಕ್ಕಿ ನಿಲ್ಲದೆ ಹೋದರೆ, ಅದರಲ್ಲೂ ಲಕ್ವ ಹೊಡೆದವರಿಗೆ ಹಾಗಾದರೆ, ಅದು ನರಗಳ ತೊಂದರೆ ಇರಬಹುದು. ಔಷಧವಿದೆ, ತೋರಿಸಿ.

ಅವ್ವನ ಮಾತಿಗೆ ಎದುರಾಡಬೇಡಿ. ದೀಪ ಹಚ್ಚುವ ಹೊತ್ತು ಬಿಟ್ಟು ಊಟವಾದ ಮೇಲೆ ಹಾಕಿ. ಗಂಡನ ಪೇಟಿ ಕೇಳುತ್ತಿದ್ದ ಹೊತ್ತು ಅದೇ ಇದ್ದೀತು, ಒಮ್ಮೆ ಕೇಳಿ ನೋಡಿ.

ಆ ಪೇಟಿ ಈಗ ಎಲ್ಲಿದೆ ಅಂತ ನೀವು ಬರೆದಿಲ್ಲ. ಅಟ್ಟದ ಮೇಲಿದ್ದರೆ ಇಳಿಸಿ. ಒಂದೂವರೆ ವರ್ಷ ಮುಚ್ಚಿಟ್ಟಿದ್ದರೆ ತಿದಿಯ ಚರ್ಮ ಒಣಗಿ ಬಿರಿದಿರಬಹುದು, ಇಲಿ ಕಡಿದಿದ್ದರೂ ಕಡಿದೀತು. ರಿಪೇರಿ ಮಾಡಿಸಿ ಮಗಳ ಕೈಗೆ ಕೊಡಿ. ಮೇಲೆ ಬರೆದ ಸ್ವರಗಳನ್ನು ಅವಳು ಒಂದು ಸಂಜೆಯಲ್ಲಿ ಹಿಡಿಯುತ್ತಾಳೆ. ಪೇಟಿಯಲ್ಲಿ ಸ್ವರ ಕರಗುವುದಿಲ್ಲ, ಹಾಗಾಗಿ ಪಿಯಾನೊದಂತೆ ಕೇಳುವುದಿಲ್ಲ, ಸ್ವಲ್ಪ ಭಜನೆಯಂತೆಯೇ ಕೇಳುತ್ತದೆ. ಮೊದಲ ಸಲ ನಿಮಗೆ ಕಷ್ಟ ಆಗಬಹುದು. ಬೇಡ ಅನ್ನಿಸಿದರೆ ಇನ್ನಾರು ತಿಂಗಳು ಬಿಟ್ಟು ನೋಡಿ, ಆದರೆ ತಿದಿ ಮಾತ್ರ ಈಗಲೇ ಮಾಡಿಸಿಬಿಡಿ.